ಎಚ್‌ಎಂಟಿಯ ಪಾಠವನ್ನು ಇನ್ನೊಮ್ಮೆ ಓದಿ: ಎಂಬಿಎ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ಬೀದರ್‌ನಿಂದ ಮಂಗಳೂರಿನವರೆಗೆ ಈ ನಾಡಿನ ಎಂಬಿಎ, ಎಂ.ಕಾಂ., ಬಿಬಿಎ ತರಗತಿಗಳಲ್ಲಿ ಓದುತ್ತಿರುವ ನಿಮ್ಮೆಲ್ಲರಿಗೂ ಈ ಪತ್ರ. ಇನ್ನು ಕೆಲವೇ ವರ್ಷಗಳಲ್ಲಿ ನಿಮ್ಮಲ್ಲಿ ಹಲವರು ಯಾವುದೋ ಕಂಪನಿಯ, ಬ್ಯಾಂಕಿನ, ಆಸ್ಪತ್ರೆಯ ಆಡಳಿತದಲ್ಲಿ ಇರುತ್ತೀರಿ. ಯಾವ ಶಾಖೆ ಇರಬೇಕು, ಯಾವುದು ಮುಚ್ಚಬೇಕು, ಯಾರನ್ನು ಎಲ್ಲಿಗೆ ವರ್ಗ ಮಾಡಬೇಕು ಎಂಬ ಕಡತಗಳು ನಿಮ್ಮ ಸಹಿಗೆ ಬರುತ್ತವೆ. ಆ ಕೆಲಸಕ್ಕೆ ನಿಮ್ಮನ್ನು ಅಣಿಗೊಳಿಸುವ ಮುಖ್ಯ ಸಾಧನ ಕೇಸ್ ಸ್ಟಡಿ. ಅದನ್ನು ನೀವು ಹೇಗೆ ಓದುತ್ತೀರಿ ಎನ್ನುವುದು ನಿಮ್ಮ ಅಂಕಪಟ್ಟಿಗಿಂತ ದೊಡ್ಡ ವಿಷಯ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ತರಗತಿಗಳಲ್ಲಿ ಎಚ್‌ಎಂಟಿ ವಾಚಿನ ಕಥೆ ಮೂರು ಸಾಲಿನಲ್ಲಿ ಮುಗಿಯುತ್ತದೆ. ಎಚ್‌ಎಂಟಿ ಕೀ ಕೊಡುವ ವಾಚಿಗೆ ಅಂಟಿಕೊಂಡಿತು. ಟೈಟನ್ ಕ್ವಾರ್ಟ್ಜ್ ತಂದಿತು. ಕಾಲಕ್ಕೆ ತಕ್ಕಂತೆ ಬದಲಾಗದವರು ಮುಳುಗುತ್ತಾರೆ. ಒಂದು ಸ್ಲೈಡಿನಲ್ಲಿ ಹಿಡಿಸುವ ಈ ನೀತಿಕಥೆಯನ್ನು ಬರೆದುಕೊಂಡು ಮುಂದಿನ ಪಾಠಕ್ಕೆ ಹೋಗುತ್ತೇವೆ. ಆ ಮೂರು ಸಾಲುಗಳಲ್ಲಿ ಸುಳ್ಳಿಲ್ಲ. ಆದರೆ ನಿಮಗೆ ನಾಳೆ ನಿಜವಾಗಿ ಬೇಕಾಗುವ ಪಾಠ ಅವುಗಳಲ್ಲಿ ಇಲ್ಲ.

ಕೇಸ್ ಸ್ಟಡಿ ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆರಂಭವಾದದ್ದು 1908ರಲ್ಲಿ. ಕಾನೂನು ಓದಿದ್ದ ವಾಲೇಸ್ ಡೋನಮ್ ಅದರ ಡೀನ್ ಆಗಿದ್ದಾಗ, ಕಾನೂನು ವಿದ್ಯಾರ್ಥಿಗಳು ನ್ಯಾಯಾಲಯದ ತೀರ್ಪುಗಳನ್ನು ಓದಿ ಕಲಿಯುವ ಹಾಗೆ ವ್ಯವಹಾರದ ವಿದ್ಯಾರ್ಥಿಗಳು ನಿಜವಾದ ಕಂಪನಿಗಳ ಇಕ್ಕಟ್ಟುಗಳನ್ನು ಓದಿ ಕಲಿಯಲಿ ಎಂದು 1920ರ ದಶಕದಲ್ಲಿ ಈ ಪದ್ಧತಿಯನ್ನು ಬೆಳೆಸಿದರು. 1961ರಲ್ಲಿ ಅಹಮದಾಬಾದಿನ ಐಐಎಂ ಹಾರ್ವರ್ಡ್‌ನ ನೆರವಿನಿಂದ ಆರಂಭವಾದಾಗ ಪದ್ಧತಿ ನಮ್ಮ ದೇಶಕ್ಕೂ ಬಂತು. ಒಳ್ಳೆಯ ಪದ್ಧತಿಯೇ. ಸಿದ್ಧಾಂತವನ್ನು ಬಾಯಿಪಾಠ ಮಾಡುವುದನ್ನು ಬಿಡಿಸಿ, 'ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?' ಎಂದು ಕೇಳುತ್ತದೆ.

ಆದರೆ ಈ ಪದ್ಧತಿಗೆ ಹುಟ್ಟಿನಿಂದಲೇ ಎರಡು ಮಿತಿಗಳಿವೆ. ಒಂದು, ಪಾಠ ಬಹುಪಾಲು ಒಬ್ಬ ಹಿರಿಯ ಅಧಿಕಾರಿಯ ಕೊಠಡಿಯಲ್ಲಿ ಶುರುವಾಗುತ್ತದೆ. ಅವರ ಮುಂದೆ ಒಂದು ವರದಿ ಇದೆ, ನಾಳೆ ಆಡಳಿತ ಮಂಡಳಿಯ ಸಭೆ ಇದೆ. ನೀವು ಅವರ ಕುರ್ಚಿಯಲ್ಲಿ ಕೂತು ಯೋಚಿಸಬೇಕು. ಆ ತೀರ್ಮಾನದ ಇನ್ನೊಂದು ತುದಿಯಲ್ಲಿರುವವರ ಜಾಗದಲ್ಲಿ ಕೂರಲು ಯಾರೂ ನಿಮಗೆ ಹೇಳುವುದಿಲ್ಲ. ಎರಡು, ಕಂಪನಿಯ ಒಳಹೊಕ್ಕು ಬರೆದ ಪಾಠವನ್ನು ಪ್ರಕಟಿಸುವ ಮುನ್ನ ಆ ಕಂಪನಿಯ ಒಪ್ಪಿಗೆ ಪಡೆಯುವುದು ವಾಡಿಕೆ. ಗೆದ್ದ ಕಂಪನಿ ಸಂತೋಷದಿಂದ ಒಪ್ಪುತ್ತದೆ. ಮುಚ್ಚಿದ ಕಾರ್ಖಾನೆಯಲ್ಲಿ ಒಪ್ಪಿಗೆ ಕೊಡಲು ಯಾರಿರುತ್ತಾರೆ? ಹೀಗಾಗಿ ನಮ್ಮ ಪಠ್ಯಗಳು ಗೆದ್ದೆತ್ತಿನ ಬಾಲ ಹಿಡಿದೇ ಸಾಗುತ್ತವೆ. ಸೋತವರ ಕಥೆಯನ್ನೂ ಗೆದ್ದವರ ಕಡೆಯಿಂದಲೇ ಕೇಳುತ್ತೇವೆ.

ಈಗ ಎಚ್‌ಎಂಟಿಗೆ ಬರೋಣ. 1953ರಲ್ಲಿ ಕೇಂದ್ರ ಸರ್ಕಾರ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ತಾಂತ್ರಿಕ ನೆರವಿನಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮಷಿನ್ ಟೂಲ್ಸ್ ಸ್ಥಾಪಿಸಿತು. ಯಂತ್ರಗಳನ್ನು ತಯಾರಿಸುವ ಯಂತ್ರಗಳು ಅಲ್ಲಿನ ಕಸುಬು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅದೇ ಸಂಸ್ಥೆ ಕೈಗಡಿಯಾರಕ್ಕೆ ಕೈಹಾಕಿತು. ವಾಚು ಎಂದರೆ ವಿದೇಶದಿಂದ ಬಂದ ದುಬಾರಿ ವಸ್ತು, ಇಲ್ಲವೇ ಕಳ್ಳಸಾಗಣೆಯ ಸರಕು ಎನ್ನುವ ಕಾಲ ಅದು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ, ಮದುವೆಯ ಗಂಡಿಗೆ, ನಿವೃತ್ತರಾಗುವ ಮೇಷ್ಟರಿಗೆ ಕೊಡುವ ಉಡುಗೊರೆ ಎಂದರೆ ಎಚ್‌ಎಂಟಿ ವಾಚು. ಬೇಡಿಕೆ ಎಷ್ಟಿತ್ತೆಂದರೆ ಬೇಕಾದ ಮಾದರಿಗೆ ಜನ ಕಾಯಬೇಕಾಗುತ್ತಿತ್ತು. ಶ್ರೀನಗರ, ತುಮಕೂರು, ನೈನಿತಾಲ್ ಜಿಲ್ಲೆಯ ರಾಣಿಬಾಗ್‌ಗಳಲ್ಲಿ ಹೊಸ ಕಾರ್ಖಾನೆಗಳು ಎದ್ದವು.

ಅಷ್ಟರಲ್ಲಿ ಜಗತ್ತು ಬದಲಾಗತೊಡಗಿತ್ತು. 1969ರ ಡಿಸೆಂಬರ್‌ನಲ್ಲಿ ಜಪಾನಿನ ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದಿನ ಹದಿನೈದು ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ವಾಚು ಉದ್ಯಮವೇ ತತ್ತರಿಸಿತು. ಎಚ್‌ಎಂಟಿಯವರಿಗೆ ಇದು ತಿಳಿಯಲಿಲ್ಲವೇ? ಖಂಡಿತ ತಿಳಿದಿತ್ತು. ನಿಮ್ಮ ಸ್ಲೈಡಿನಲ್ಲಿ ಬಿಟ್ಟುಹೋಗುವ ಸಂಗತಿ ಇದೇ: ಟೈಟನ್ ಹುಟ್ಟುವ ಮೊದಲೇ, 1980ರ ದಶಕದ ಆರಂಭದಲ್ಲೇ, ಎಚ್‌ಎಂಟಿ ಕ್ವಾರ್ಟ್ಜ್ ವಾಚು ತಯಾರಿಸಿ ಮಾರಾಟಕ್ಕಿಟ್ಟಿತ್ತು. ಅದು ನಿರೀಕ್ಷಿಸಿದಷ್ಟು ಹೋಗಲಿಲ್ಲ. ಕೀ ಕೊಡುವ ವಾಚಿಗೆ ಮಾತ್ರ ಜನ ಇನ್ನೂ ಕಾಯುತ್ತಲೇ ಇದ್ದರು. ನಮ್ಮ ಗಿರಾಕಿಗೆ ಬೇಕಿರುವುದು ಕೀ ಕೊಡುವ ವಾಚೇ ಎಂಬ ತೀರ್ಮಾನಕ್ಕೆ ಸಂಸ್ಥೆ ಬಂತು. ಅಂದು ಕೈಯಲ್ಲಿದ್ದ ಮಾರಾಟದ ಲೆಕ್ಕ ಹೇಳುತ್ತಿದ್ದುದೂ ಅದನ್ನೇ. ನೀವು ಆ ಕುರ್ಚಿಯಲ್ಲಿದ್ದಿದ್ದರೆ, ಎದೆ ಮುಟ್ಟಿಕೊಂಡು ಹೇಳಿ, ಬೇರೆ ತೀರ್ಮಾನ ಮಾಡುತ್ತಿದ್ದಿರಾ?

ಟೈಟನ್ ಸ್ಥಾಪನೆಯಾದದ್ದು 1984ರಲ್ಲಿ. ಕಾರ್ಖಾನೆ ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಹೊಸೂರಿನಲ್ಲಿ. ತಂತ್ರಜ್ಞಾನ ಫ್ರಾನ್ಸಿನಿಂದ ಬಂತು. ವಾಚು ಕಟ್ಟುವ ಕಸುಬಿನ ಅನುಭವ ಬಂದದ್ದು ಬಹುಮಟ್ಟಿಗೆ ಜಾಲಹಳ್ಳಿಯಿಂದ. ಎಚ್‌ಎಂಟಿಯಲ್ಲಿ ಪಳಗಿದ ಹಲವು ಎಂಜಿನಿಯರ್‌ಗಳು ಹೊಸೂರಿಗೆ ಹೋದರು. ಅಂದರೆ ಒಂದೇ ಊರಿನ ಪರಿಣತಿ, ಅದೇ ಕೈಗಳು, ಅದೇ ಗಿರಾಕಿ. ಜೆರ್ಕ್ಸಿಸ್ ದೇಸಾಯಿ ಅವರ ನೇತೃತ್ವದಲ್ಲಿ ಟೈಟನ್ 1987ರಲ್ಲಿ ಮಾರುಕಟ್ಟೆಗೆ ಬಂದಾಗ, ಕ್ವಾರ್ಟ್ಜ್ ಎಂಬ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಅದು ಮಾರಿದ್ದು ನೋಟವನ್ನು: ನೂರಾರು ವಿನ್ಯಾಸಗಳು, ಒಡವೆ ಅಂಗಡಿಯ ಹಾಗೆ ದೀಪ ಹೊತ್ತಿಸಿದ ಷೋರೂಮುಗಳು, ಮೊಜಾರ್ಟನ ಸಂಗೀತದ ಜಾಹೀರಾತು. ಸಮಯ ನೋಡುವ ಸಾಧನ ತೊಡುವ ವಸ್ತುವಾಯಿತು.

ಇಲ್ಲಿ ಹಲವರು ಅವಸರದಲ್ಲಿ ಎಳೆಯುವ ಗೆರೆಯೊಂದಿದೆ. ಸರ್ಕಾರಿ ಕಂಪನಿ ಸೋತಿತು, ಖಾಸಗಿ ಕಂಪನಿ ಗೆದ್ದಿತು ಎಂದು. ಟೈಟನ್‌ನ ಷೇರುಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಅದು ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಟಿಡ್ಕೊ ಸೇರಿ ಕಟ್ಟಿದ ಕಂಪನಿ. ಇಂದಿಗೂ ಅದರಲ್ಲಿ ಸುಮಾರು ಶೇ 28ರಷ್ಟು ಪಾಲು ಟಿಡ್ಕೊ ಬಳಿ ಇದೆ. ಟಾಟಾ ಸನ್ಸ್‌ನ ಪಾಲಿಗಿಂತ ಅದು ಹೆಚ್ಚು. ಗೆದ್ದ ಕಂಪನಿಯಲ್ಲೂ ಅತಿ ದೊಡ್ಡ ಪಾಲುದಾರ ಸರ್ಕಾರವೇ! ಹಾಗಾದರೆ ಮಾಲೀಕ ಯಾರು ಎಂಬ ಪ್ರಶ್ನೆಯೊಂದೇ ಈ ಕಥೆಯನ್ನು ವಿವರಿಸಲಾರದು. ಕೇಳಬೇಕಾದ ಪ್ರಶ್ನೆ, ಮಾಲೀಕನು ತೀರ್ಮಾನದ ಅಧಿಕಾರವನ್ನು ಯಾರಿಗೆ ಕೊಟ್ಟಿದ್ದ ಎಂಬುದು.

ಟೈಟನ್ ಎಂದೂ ಎಡವಲಿಲ್ಲ ಎಂದುಕೊಳ್ಳಬೇಡಿ. 1990ರ ದಶಕದಲ್ಲಿ ಅದು ಯುರೋಪಿಗೆ ಹೋಗಿ ಕೈಸುಟ್ಟುಕೊಂಡು ಹಿಂದಿರುಗಿತು. ಅದೇ ದಶಕದಲ್ಲಿ ಆರಂಭಿಸಿದ ತನಿಷ್ಕ್ ಒಡವೆ ವ್ಯಾಪಾರ ವರ್ಷಗಟ್ಟಲೆ ನಷ್ಟ ತಂದಿತು. ವಿದೇಶೀ ಅಭಿರುಚಿಯ 18 ಕ್ಯಾರಟ್ ಒಡವೆಗಳನ್ನು ಮಾಡಿ ಇಟ್ಟರೆ, 22 ಕ್ಯಾರಟ್ ಚಿನ್ನವನ್ನೇ ಚಿನ್ನ ಎಂದು ನಂಬಿದ ನಮ್ಮ ಹೆಣ್ಣುಮಕ್ಕಳು ಅದನ್ನು ತಿರುಗಿಯೂ ನೋಡಲಿಲ್ಲ. ಮುಚ್ಚಿಬಿಡಿ ಎಂಬ ಒತ್ತಡ ಬಂದಿತ್ತು. ಮುಚ್ಚುವ ಬದಲು ಅವರು 22 ಕ್ಯಾರಟ್‌ಗೆ ಬದಲಾದರು, ನಮ್ಮ ಊರುಗಳ ವಿನ್ಯಾಸಗಳನ್ನು ತಂದರು, ಗಿರಾಕಿ ತನ್ನ ಹಳೆಯ ಒಡವೆಯ ಅಪ್ಪಟತನವನ್ನು ತಾನೇ ನೋಡಿಕೊಳ್ಳಬಹುದಾದ ಕ್ಯಾರಟ್‌ಮೀಟರ್ ಯಂತ್ರವನ್ನು ಅಂಗಡಿಯಲ್ಲಿಟ್ಟರು. ಇಂದು ಟೈಟನ್‌ನ ವರಮಾನದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಒಡವೆಯಿಂದ ಬರುತ್ತದೆ. ಇದನ್ನು ಕೆಲವರು ದೂರದೃಷ್ಟಿ ಎಂದು ಕೊಂಡಾಡುತ್ತಾರೆ. ನನಗೆ ಕಾಣುವುದು ಬೇರೆ. ಅವರ ಮೊದಲ ಊಹೆ ತಪ್ಪಾಗಿತ್ತು. ತಪ್ಪನ್ನು ತಿದ್ದಿಕೊಳ್ಳಲು ಅವರಿಗೆ ಸಮಯ, ಹಣ, ಅಧಿಕಾರ ಮೂರೂ ಇದ್ದವು.

ಎಚ್‌ಎಂಟಿಗೆ ಆ ಮೂರೂ ಇರಲಿಲ್ಲ. ಅದರ ಕಾರ್ಖಾನೆಗಳು ಎಲ್ಲಿರಬೇಕು ಎಂಬುದನ್ನು ಮಾರುಕಟ್ಟೆಯ ಜೊತೆಗೆ ಪ್ರಾದೇಶಿಕ ಅಭಿವೃದ್ಧಿಯ ನೀತಿಯೂ ನಿರ್ಧರಿಸಿತ್ತು. ಹಿಂದುಳಿದ ಪ್ರದೇಶಕ್ಕೆ ಉದ್ಯೋಗ ಕೊಡುವುದು ಒಳ್ಳೆಯ ಗುರಿ. ಆದರೆ ಆ ಗುರಿಯ ಖರ್ಚನ್ನು ವಾಚಿನ ಲೆಕ್ಕಕ್ಕೇ ಬರೆದರು. 1989ರ ನಂತರ ಕಾಶ್ಮೀರದಲ್ಲಿ ಹಿಂಸೆ ಭುಗಿಲೆದ್ದಾಗ ಶ್ರೀನಗರದ ಘಟಕ ನಡೆಯುವುದೇ ಕಷ್ಟವಾಯಿತು. ಹೊಸ ಬಂಡವಾಳ ಬೇಕೆಂದರೆ ಕಡತ ದೆಹಲಿಗೆ ಹೋಗಿ ಬರಬೇಕು. ಮುಖ್ಯಸ್ಥರ ನೇಮಕ ಅಲ್ಲಿಂದ. ಸಂಬಳದ ಪರಿಷ್ಕರಣೆಗೆ ಅಪ್ಪಣೆ ಅಲ್ಲಿಂದ. ಗಿರಾಕಿ ಪ್ರತಿ ವರ್ಷ ಹೊಸ ನೋಟ ಕೇಳತೊಡಗಿದ ಮಾರುಕಟ್ಟೆಯಲ್ಲಿ ಈ ನಡಿಗೆ ಸಾಲದಾಯಿತು. 2000ದಲ್ಲಿ ವಾಚು ವಿಭಾಗವನ್ನು ಪ್ರತ್ಯೇಕ ಅಂಗಸಂಸ್ಥೆಯಾಗಿಸಿದರು. ಹೆಸರು ಬದಲಾಯಿತು, ಅಧಿಕಾರ ಬದಲಾಗಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮತ್ತು ಎಚ್‌ಎಂಟಿ ಚಿನಾರ್ ವಾಚಸ್ ಕಂಪನಿಗಳನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಉಳಿದ ನೌಕರರಿಗೆ 2007ರ ವೇತನ ಶ್ರೇಣಿಯನ್ನು ಆಧರಿಸಿದ ಸ್ವಯಂನಿವೃತ್ತಿಯ ಹಣ ಕೊಡಲಾಯಿತು. ತುಮಕೂರಿನ ಕಾರ್ಖಾನೆಯ ಜಮೀನು ಇಸ್ರೋಗೆ ಹೋಯಿತು.

ಕೇಸ್ ಸ್ಟಡಿ ಇಲ್ಲಿ ಮುಗಿಯುತ್ತದೆ. ತುಮಕೂರಿನ ಕುಟುಂಬಗಳ ಬದುಕು ಅಲ್ಲಿ ಮುಗಿಯಲಿಲ್ಲ. ಕಣ್ಣಿಗೆ ಮಸೂರ ಹಾಕಿಕೊಂಡು ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗುಗಳನ್ನು ಕೂರಿಸುವ ಕೆಲಸದಲ್ಲಿ ಪಳಗಿದ ಗಂಡಸರು, ಹೆಂಗಸರು ಆಮೇಲೆ ಏನು ಮಾಡಿದರು? ಕಾಲೊನಿಯ ಶಾಲೆ, ಅಂಗಡಿ, ಬಸ್ಸು ಏನಾದವು? ಆ ಪರಿಣತಿ ಬೇರೆ ಯಾವ ಉದ್ಯಮಕ್ಕೆ ಹೋಯಿತು, ಎಷ್ಟು ಹಾಳಾಯಿತು? ಒಂದು ತೀರ್ಮಾನದ ಪೂರ್ಣ ಲೆಕ್ಕ ಎಂದರೆ ಇದೆಲ್ಲವೂ ಸೇರಿದ್ದು. ಲಾಭ-ನಷ್ಟದ ತಖ್ತೆ ಅದರ ಒಂದು ಪುಟ ಮಾತ್ರ.

ಕೆಲಸಗಾರರೇ ಬದಲಾವಣೆಗೆ ಅಡ್ಡಿ ಎಂಬ ಮಾತನ್ನೂ ನೀವು ತರಗತಿಯಲ್ಲಿ ಕೇಳುತ್ತೀರಿ. ಅದಕ್ಕೆ ಅಮೆರಿಕದ ಒಂದು ಪ್ರಸಂಗ ಉತ್ತರ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಕಾರು ಕಾರ್ಖಾನೆಯೊಂದಿತ್ತು. ಗೈರುಹಾಜರಿ ಶೇ 20ರ ಆಸುಪಾಸು. ಆಡಳಿತಕ್ಕೂ ಕಾರ್ಮಿಕ ಸಂಘಕ್ಕೂ ದಿನಬೆಳಗಾದರೆ ಜಗಳ. 1982ರಲ್ಲಿ ಅದನ್ನು ಮುಚ್ಚಿದರು. 1984ರಲ್ಲಿ ಟೊಯೊಟಾ ಜೊತೆ ಸೇರಿ ಎನ್‌ಯುಎಂಎಂಐ, ಅಂದರೆ ನುಮ್ಮಿ, ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಕೆಲಸಕ್ಕೆ ತೆಗೆದುಕೊಂಡದ್ದು ಬಹುಪಾಲು ಹಳೆಯ ಕೆಲಸಗಾರರನ್ನೇ. ಸಂಘವೂ ಹಳೆಯದೇ. ಬದಲಾದದ್ದು ಆಡಳಿತದ ನಡೆ. ಕೆಲಸಗಾರರನ್ನು ಜಪಾನಿಗೆ ಕಳುಹಿಸಿ ತರಬೇತಿ ಕೊಟ್ಟರು. ದೋಷ ಕಂಡರೆ ಹಗ್ಗ ಎಳೆದು ಇಡೀ ಉತ್ಪಾದನಾ ಸಾಲನ್ನೇ ನಿಲ್ಲಿಸುವ ಅಧಿಕಾರವನ್ನು ಪ್ರತಿಯೊಬ್ಬರಿಗೂ ಕೊಟ್ಟರು. ಮಾರಾಟ ಇಳಿದ ದಿನಗಳಲ್ಲಿ ಜನರನ್ನು ಮನೆಗೆ ಕಳುಹಿಸದೆ ತರಬೇತಿಗೆ ಕೂರಿಸಿದರು. ಗೈರುಹಾಜರಿ ಒಂದಂಕಿಗೆ ಇಳಿಯಿತು. ಅಲ್ಲಿನ ಕಾರುಗಳು ಗುಣಮಟ್ಟದಲ್ಲಿ ಜಪಾನಿನವಕ್ಕೆ ಹತ್ತಿರ ಬಂದವು.

ಆ ಕಥೆಯ ಮುಂದಿನ ಭಾಗವನ್ನೂ ಓದಿ. ಸ್ವಂತ ಅಂಗಳದಲ್ಲೇ ಕಲಿತ ಈ ಪಾಠವನ್ನು ಜನರಲ್ ಮೋಟಾರ್ಸ್ ತನ್ನ ಬೇರೆ ಕಾರ್ಖಾನೆಗಳಿಗೆ ಹರಡುವುದರಲ್ಲಿ ಬಹಳ ತಡಮಾಡಿತು. ಹಗ್ಗವನ್ನು ನಕಲು ಮಾಡುವುದು ಸುಲಭ. ಅದನ್ನು ಎಳೆದವನನ್ನು ಬೈಯದೆ ಧನ್ಯವಾದ ಹೇಳುವ ಮೇಲ್ವಿಚಾರಕರನ್ನು ತಯಾರು ಮಾಡುವುದು ಕಷ್ಟ. 2009ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2010ರಲ್ಲಿ ನುಮ್ಮಿಯೂ ಮುಚ್ಚಿತು. ಸಂಸ್ಥೆಯ ಬದಲಾವಣೆ ಎಂದರೆ ಹೊಸ ಚಾರ್ಟು, ಹೊಸ ಲಾಂಛನ, ಹೊಸ ಘೋಷವಾಕ್ಯ ಎಂದು ನಂಬುವ ಪ್ರತಿಯೊಬ್ಬ ಭಾವೀ ಅಧಿಕಾರಿಯೂ ಈ ಎರಡೂ ಭಾಗಗಳನ್ನು ಒಟ್ಟಿಗೆ ಓದಬೇಕು.

ದೂರದ ತೀರ್ಮಾನ ಹತ್ತಿರದ ಊರಿಗೆ ಹೇಗೆ ತಟ್ಟುತ್ತದೆ ಎಂಬುದಕ್ಕೆ ನೋಕಿಯಾ ಸಾಕು. 2013ರಲ್ಲಿ ಫಿನ್ಲೆಂಡಿನ ಆ ಕಂಪನಿ ತನ್ನ ಮೊಬೈಲ್ ವ್ಯವಹಾರವನ್ನು ಮೈಕ್ರೊಸಾಫ್ಟ್‌ಗೆ ಮಾರಲು ಒಪ್ಪಿತು. ಸ್ಮಾರ್ಟ್‌ಫೋನಿನ ಪೈಪೋಟಿಯ ಪಾಠವಾಗಿ ನೀವದನ್ನು ಓದಿರುತ್ತೀರಿ. ಚೆನ್ನೈ ಸಮೀಪದ ಶ್ರೀಪೆರಂಬದೂರಿನಲ್ಲಿ ಸಾವಿರಾರು ಯುವಕ ಯುವತಿಯರು ಕೆಲಸ ಮಾಡುತ್ತಿದ್ದ ನೋಕಿಯಾ ಕಾರ್ಖಾನೆ ತೆರಿಗೆ ವ್ಯಾಜ್ಯದಿಂದಾಗಿ ಆ ಮಾರಾಟದಿಂದ ಹೊರಗುಳಿಯಿತು, 2014ರ ನವೆಂಬರ್ 1ರಂದು ಉತ್ಪಾದನೆ ನಿಂತಿತು. ಈ ಸಾಲು ಎಷ್ಟು ಪಾಠಗಳಲ್ಲಿದೆ, ನೀವೇ ಹುಡುಕಿ ನೋಡಿ.

ಈಗ ನಮ್ಮ ಮನೆಯ ಮಾತು. 2017ರ ಏಪ್ರಿಲ್ 1ರಂದು, ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್, ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರ ಏಪ್ರಿಲ್ 1ರಂದು, 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್ 1ರಂದು, ಉಡುಪಿಯಲ್ಲಿ 1925ರಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ, ಅದೇ ಊರಿನಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಮೂರೇ ವರ್ಷಗಳಲ್ಲಿ ಕನ್ನಡ ನಾಡಿನ ನಾಲ್ಕು ಬ್ಯಾಂಕುಗಳ ಹೆಸರು ಇಲ್ಲವಾದವು. ದಿನದ ದುಡಿಮೆಯಲ್ಲಿ ಬಿಡಿಕಾಸು ಉಳಿಸುವವರ ಮನೆಬಾಗಿಲಿಗೇ ಏಜೆಂಟರನ್ನು ಕಳುಹಿಸಿದ ಪಿಗ್ಮಿ ಠೇವಣಿಯನ್ನು 1928ರಲ್ಲೇ ಆರಂಭಿಸಿದ ಬ್ಯಾಂಕ್ ಅವುಗಳಲ್ಲೊಂದು.

ಈ ವಿಲೀನಗಳು ಸರಿಯೋ ತಪ್ಪೋ ಎಂಬ ತೀರ್ಪು ಕೊಡಲು ನಾನು ಈ ಪತ್ರ ಬರೆದಿಲ್ಲ. ದೊಡ್ಡ ಬ್ಯಾಂಕಿಗೆ ದೊಡ್ಡ ಸಾಲ ಕೊಡುವ ಶಕ್ತಿ ಇರುತ್ತದೆ, ತಂತ್ರಜ್ಞಾನದ ಖರ್ಚು ಹಂಚಿಹೋಗುತ್ತದೆ ಎಂಬ ವಾದಗಳಲ್ಲಿ ಹುರುಳಿದೆ. ಆದರೆ ಒಂದೇ ರಸ್ತೆಯಲ್ಲಿದ್ದ ಎರಡು ಶಾಖೆಗಳಲ್ಲಿ ಯಾವುದು ಉಳಿಯಿತು, ಹೇಗೆ ಆರಿಸಿದರು? ಎರಡು ಸಂಸ್ಥೆಗಳ ನೌಕರರ ಹಿರಿತನದ ಪಟ್ಟಿಯನ್ನು ಹೇಗೆ ಹೊಂದಿಸಿದರು? ಪಿಗ್ಮಿ ಏಜೆಂಟರು ಏನಾದರು? ಹೊಸ ಐಎಫ್‌ಎಸ್‌ಸಿ ಕೋಡಿನಿಂದ ಪಿಂಚಣಿಯ ಹಣಕ್ಕೆ ತೊಂದರೆಯಾಯಿತೇ? ಹಳ್ಳಿಯ ರೈತ ಸಾಲದ ಅರ್ಜಿ ಹಿಡಿದು ಬಂದಾಗ ಕೌಂಟರಿನಲ್ಲಿ ಕನ್ನಡ ಬಲ್ಲವರು ಇದ್ದರೇ? ಈ ಪ್ರಶ್ನೆಗಳಿಗೆ ಉತ್ತರ ಬಲ್ಲವರು ನಿಮ್ಮ ಬೀದಿಯಲ್ಲೇ ಇದ್ದಾರೆ, ಹಲವರು ನಿವೃತ್ತರಾಗಿ ಮನೆಯಲ್ಲಿದ್ದಾರೆ. ಅವರ ನೆನಪು ಮಾಸುವ ಮೊದಲು ಅದನ್ನು ಬರೆದಿಡಬೇಕಾದವರು ನೀವು.

ಅದಕ್ಕಾಗಿ ಯಾವ ಕೇಸ್ ಸ್ಟಡಿ ಓದುವಾಗಲೂ, ಬರೆಯುವಾಗಲೂ ನಾಲ್ಕು ಪ್ರಶ್ನೆಗಳನ್ನು ಬಿಡದೆ ಕೇಳಿಕೊಳ್ಳಿ ಎಂದು ಕೋರುತ್ತೇನೆ. ಮೊದಲನೆಯದು, ತೀರ್ಮಾನ ಮಾಡಿದ ದಿನ ಅವರಿಗೆ ಏನು ಗೊತ್ತಿತ್ತು? ನಂತರ ನಡೆದದ್ದನ್ನು ಮರೆತು, ಅಂದಿನ ಅಂಕಿ-ಅಂಶಗಳನ್ನು ಮಾತ್ರ ಮುಂದಿಟ್ಟುಕೊಂಡು ಯೋಚಿಸಿ. ಎರಡನೆಯದು, ತೀರ್ಮಾನ ತಪ್ಪಿದರೆ ತಿದ್ದುವ ಅಧಿಕಾರ ಯಾರಿಗಿತ್ತು, ಎಷ್ಟು ಬೇಗ ತಿದ್ದಬಹುದಿತ್ತು? ಮೂರನೆಯದು, ಈ ಪಾಠದಲ್ಲಿ ಯಾರ ಮಾತು ಕೇಳಿಸುತ್ತಿಲ್ಲ? ನಾಲ್ಕನೆಯದು, ಕೊನೆಯ ಪುಟದ ನಂತರದ ಐದು ವರ್ಷಗಳಲ್ಲಿ ಏನಾಯಿತು?

ಅಧ್ಯಾಪಕರಲ್ಲೂ ಒಂದು ಮನವಿ. ಪ್ರತಿ ವರ್ಷ ನಿಮ್ಮ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿ ಬರೆಯುತ್ತಾರೆ. ಎಷ್ಟೋ ಕಡೆ ಹಳೆಯ ವರದಿಯ ಕಂಪನಿಯ ಹೆಸರು ಬದಲಿಸಿದರೆ ಹೊಸ ವರದಿ ಸಿದ್ಧವಾಗುತ್ತದೆ. ಆ ಆರು ಅಥವಾ ಎಂಟು ವಾರಗಳನ್ನು ಜಿಲ್ಲೆಯ ಒಂದು ಸಂಸ್ಥೆಯ ನಿಜವಾದ ಕಥೆಗೆ ಮೀಸಲಿಡಿ. ಮುಚ್ಚಿದ ಗಿರಣಿ, ಚೇತರಿಸಿಕೊಂಡ ಸಕ್ಕರೆ ಕಾರ್ಖಾನೆ, ವಿಲೀನವಾದ ಬ್ಯಾಂಕಿನ ಶಾಖೆ, ಹಾಲು ಉತ್ಪಾದಕರ ಸಂಘ, ಯಾವುದಾದರೂ ಸರಿ. ವರದಿಯನ್ನು ಕನ್ನಡದಲ್ಲಿ ಬರೆಯಲು ಬಿಡಿ. ಅಂತಹ ಕಥೆಯನ್ನು ಹೇಳುವವರು ಕನ್ನಡದಲ್ಲೇ ಹೇಳುತ್ತಾರೆ, ಬರೆದದ್ದನ್ನು ಅವರೂ ಓದಿ ಸರಿತಪ್ಪು ಹೇಳುವಂತಿರಬೇಕು.

ವಿದ್ಯಾರ್ಥಿಗಳೇ, ನಾಳೆ ನೀವು ಮಾಡುವ ತೀರ್ಮಾನಗಳಲ್ಲಿ ಕೆಲವು ತಪ್ಪುತ್ತವೆ. ಎಲ್ಲವನ್ನೂ ಮೊದಲೇ ಕಂಡ ಅಧಿಕಾರಿ ಈವರೆಗೆ ಯಾವ ಕಂಪನಿಯಲ್ಲೂ ಹುಟ್ಟಿಲ್ಲ. ಆದ್ದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವಂತಹ, ಅದನ್ನು ಕಂಡವರು ಹೆದರದೆ ಹೇಳುವಂತಹ, ಹೇಳಿದ್ದನ್ನು ತಿದ್ದುವ ಅಧಿಕಾರ ಕೆಲಸ ನಡೆಯುವ ಜಾಗದ ಹತ್ತಿರದಲ್ಲೇ ಇರುವಂತಹ ಸಂಸ್ಥೆಗಳನ್ನು ಕಟ್ಟಿ. ಸಹಿ ಮಾಡುವ ಮುನ್ನ ಆ ಸಹಿಯಿಂದ ಬದುಕು ಬದಲಾಗುವ ಒಬ್ಬರನ್ನಾದರೂ ಭೇಟಿಯಾಗಿ ಮಾತಾಡಿ. ಈ ಸೆಮಿಸ್ಟರ್ ಮುಗಿಯುವುದರೊಳಗೆ ನಿಮ್ಮ ಊರಿನ ಒಂದು ಸಂಸ್ಥೆಯ ಕಥೆಯನ್ನು ಬರೆಯಲು ಶುರುಮಾಡಿ.

ನಿಮ್ಮ ಏಳಿಗೆಯನ್ನು ಬಯಸುವ,
ಒಬ್ಬ ಓದುಗ